ಫಿಸಿಯೊಥೆರಪಿ ಪಾಠ ಓಪಿಡಿ ರಜಿಸ್ಟರಿನಿಂದ ಶುರುವಾಗಲಿ

ಮಾನ್ಯರೇ,

ವಿಜಯಪುರ, ಬಾಗಲಕೋಟೆ ಕಡೆ ಫಿಸಿಯೊಥೆರಪಿ ವಿಭಾಗದ ಮುಂದೆ ಪಾಳಿ ಹಚ್ಚುವವರು ಯಾರು? ಮೊಣಕಾಲು ಸವೆದ ಅಜ್ಜಿಯರು, ಲಕ್ವಾ ಹೊಡೆದವರು, ಸಕ್ಕರೆ ಕಾಯಿಲೆಯ ಜೊತೆ ಭುಜ ಬಿಗಿದವರು, ಕಬ್ಬು ಕಡಿದು ನಡು ಹಿಡಿದವರು, ಇಳಕಲ್ಲ, ಗುಳೇದಗುಡ್ಡದ ನೇಕಾರರು. ವಿದ್ಯಾರ್ಥಿಗಳ ಕೈ ಪಳಗಿರುವುದು ಮಾತ್ರ ಆಟಗಾರರ ಲಿಗಮೆಂಟ್ (ಎಲುಬುಗಳನ್ನು ಜೋಡಿಸುವ ನಾರು) ಪರೀಕ್ಷೆಗಳಲ್ಲಿ, ಯಂತ್ರದ ಗುಂಡಿ ಒತ್ತುವುದರಲ್ಲಿ. ಲಿಗಮೆಂಟ್ ಪಾಠ ಬೇಡವೆಂದಲ್ಲ. ಕುಸ್ತಿ, ಸೈಕ್ಲಿಂಗ್ ನಮ್ಮಲ್ಲೂ ಇವೆ.

ಕುರ್ಚಿಯ ಮೇಲೆ ಕೂರಲು ಮೊಣಕಾಲು ಸುಮಾರು 90 ಡಿಗ್ರಿ ಮಡಚಿದರೆ ಆಯಿತು. ಜೋಳ ಕೊಯ್ಯಲು, ಪಾಯಖಾನೆಗೆ ಹೋಗಲು ಕುಕ್ಕರುಗಾಲಿನಲ್ಲಿ ಕೂರಬೇಕಾದರೆ 130 ಡಿಗ್ರಿ ದಾಟಬೇಕು. ಕೈಯನ್ನು ಹೊರಸಿನ ಮೇಲೆ ಊರಿ, ಗಟ್ಟಿಯಿರುವ ಕಾಲನ್ನು ಮುಂದಿಟ್ಟು ನೆಲದಿಂದ ಏಳುವುದನ್ನು ಕಲಿಸದೆ ಹತ್ತು ನಿಮಿಷ ಐಎಫ್‌ಟಿ (ನೋವಿಗೆ ಕರೆಂಟ್ ಕೊಡುವ ಯಂತ್ರ) ಹಚ್ಚಿ ಕಳಿಸಿದರೆ ಏನು ಬಂತು? ಕೀಲು ಸವೆತಕ್ಕೆ ಐಎಫ್‌ಟಿ, ಅಲ್ಟ್ರಾಸೌಂಡ್, ಟೆನ್ಸ್‌ನಂಥ ಯಂತ್ರದ ಚಿಕಿತ್ಸೆ ಕೊಡಬೇಡಿ, ವ್ಯಾಯಾಮ ಮಾಡಿಸಿ ಎಂದು ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲೇ ಹೇಳಿದೆ. ಬಸ್ ಚಾರ್ಜ್ ಹಾಕಿ ಬರುವವರು ಎರಡನೇ ಸಲ ಬಂದರೆ ಹೆಚ್ಚು. ಸುತ್ತಿದ ಟಾವೆಲನ್ನು ಮೊಣಕಾಲ ಕೆಳಗಿಟ್ಟು 5 ಸೆಕೆಂಡ್ ಒತ್ತಿ ಹಿಡಿಯುವುದು, 10 ಸಲ, ದಿನಕ್ಕೆ 3 ಹೊತ್ತು: ಇಷ್ಟನ್ನೂ ಎದುರಿಗೇ ಮಾಡಿಸಿ ನೋಡಬೇಕು. ಬರೀ ಚೀಟಿ ಕೊಟ್ಟರೆ ಮನೆಯಲ್ಲಿ ಉಸಿರು ಬಿಗಿಹಿಡಿದು ಹಿಮ್ಮಡಿ ಒತ್ತುತ್ತಾರೆ, ತೊಡೆ ಸಡಿಲವಾಗಿಯೇ ಇರುತ್ತದೆ.

ಲಕ್ವಾದವರ ಭುಜ ಕೆಡುವುದು ಬಹಳ ಸಲ ಎಬ್ಬಿಸಿ ಕೂರಿಸುವಾಗ. ಶಕ್ತಿ ಹೋದ ತೋಳು ಹಿಡಿದು ಎಳೆದರೆ ಕೀಲಿನ ಗುಂಡು ಕೆಳಗೆ ಜಾರಿ, ಭುಜದ ಎಲುಬಿನಡಿ ಬೆರಳು ಹಿಡಿಸುವಷ್ಟು ಸಂದು ಬೀಳುತ್ತದೆ. ಸೊಂಟಕ್ಕೆ ಧೋತರ ಬಿಗಿದು, ಅದನ್ನು ಹಿಡಿದು ಎಬ್ಬಿಸಬೇಕು. ಕೂತಾಗ ತೋಳಿನಡಿ ದಿಂಬು ಇರಬೇಕು. ಇಂಥ ತೋಳನ್ನೇ ಗಾಲಿಯ ಹಗ್ಗಕ್ಕೆ ಕಟ್ಟಿ ತಲೆಯ ಮೇಲಕ್ಕೆ ಎಳೆಸುವ ಪದ್ಧತಿ ಕೆಲವೆಡೆ ಇನ್ನೂ ಇದೆ. ಅದರಿಂದಲೂ ಭುಜದ ನೋವು ಹೆಚ್ಚುತ್ತದೆ.

ನಮ್ಮ ಕೆಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದೆ. ಅಂಥ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆನ್ನೆಲುಬು ಬಿಗಿಯುತ್ತದೆ. ಬೆನ್ನು ಹಲಗೆಯಂತೆ ಸೆಟೆದವರು ಬಂದಾಗ ಯಾವ ಊರ ನೀರು ಎಂದು ಕೇಳದೆ ಬೆನ್ನೆಲುಬನ್ನು ತಿರುವಿದರೆ ಮಿದುಳುಬಳ್ಳಿಗೆ ಪೆಟ್ಟಾದೀತು.

ಪ್ರತಿ ಕಾಲೇಜೂ ತನ್ನ ಓಪಿಡಿ ರಜಿಸ್ಟರಿನಿಂದ ಹಿಂದಿನ 12 ತಿಂಗಳ ರೋಗಿಗಳನ್ನು ತಿಂಗಳವಾರು ಎಣಿಸಲಿ. ಕಬ್ಬಿನ ಹಂಗಾಮು ಕೈಬಿಟ್ಟರೆ ಲೆಕ್ಕ ತಪ್ಪುತ್ತದೆ. ಹೆಚ್ಚು ಬರುವ ಹತ್ತು ತೊಂದರೆಗಳಿಗೆ ತಕ್ಕಂತೆ ವಾರ್ಡಿನ ತಾಸುಗಳನ್ನು ಹಂಚಲಿ. ಪ್ರಾಯೋಗಿಕ ಪರೀಕ್ಷೆಯಲ್ಲಿ ಮಂಚದ ಪಕ್ಕ ಒಂದು ಚಾಪೆಯನ್ನೂ ಹಾಸಲಿ. ಅದರ ಮೇಲೆ ಕೂತ ರೋಗಿಯನ್ನು ಎಬ್ಬಿಸುವುದನ್ನು ಮನೆಯವರಿಗೆ ಕನ್ನಡದಲ್ಲಿ ಹೇಳಿಕೊಟ್ಟು, ಅವರ ಕೈಯಿಂದಲೇ ಮಾಡಿಸಿದ ವಿದ್ಯಾರ್ಥಿಗೆ ಅಂಕ ಸಿಗಲಿ.

– ಫಿಸಿಯೊಥೆರಪಿ ಬೋಧಕರು, ವಿಜಯಪುರ