ಗಾಳಿಯಂತ್ರಕ್ಕೆ ಹೊಲ ಕೊಡುವ ಮುನ್ನ ಕರಾರಿನಲ್ಲಿ ನೋಡಬೇಕಾದದ್ದು

ಮಾನ್ಯ ಸಂಪಾದಕರೇ,

ಗದಗ, ಕೊಪ್ಪಳ, ವಿಜಯಪುರ, ಚಿತ್ರದುರ್ಗದ ಕಡೆ ಗಾಳಿಯಂತ್ರಕ್ಕೆ ಹೊಲ ಕೇಳಿಕೊಂಡು ಬರುವ ಏಜೆಂಟರ ಮಾತು ಒಂದೇ ಅಂಕಿಯ ಸುತ್ತ ಇರುತ್ತದೆ: ಎಕರೆಗೆ ಎಷ್ಟು? ರೈತರ ಚೌಕಾಸಿಯೂ ಅಲ್ಲಿಗೇ ಮುಗಿಯುತ್ತದೆ. ಹೊಲಕ್ಕೆ ಪೆಟ್ಟು ಬೀಳುವುದು ಫ್ಯಾನು ನಿಂತ ಜಾಗದಲ್ಲಿ ಕಡಿಮೆ. ದಾರಿ, ತಂತಿ ಮತ್ತು ಕಾಗದದಲ್ಲಿ ಬರೆಯದೆ ಬಿಟ್ಟ ಷರತ್ತುಗಳಿಂದ ಆಗುವ ನಷ್ಟವೇ ಹೆಚ್ಚು.

ಲೆಕ್ಕ ಹಾಕಿ ನೋಡಿ. ಈಗ ಬರುತ್ತಿರುವ 3 ಮೆಗಾವಾಟ್ ಆಸುಪಾಸಿನ ಯಂತ್ರದ ಪಾಯ 20 ಮೀಟರ್ ಅಗಲದ ವೃತ್ತ ಎಂದರೂ ಹಿಡಿಯುವುದು ಮೂರು ಗುಂಟೆ ಮಾತ್ರ. ಪಕ್ಕದಲ್ಲಿ ಕ್ರೇನ್ ನಿಲ್ಲಲು 50ಕ್ಕೆ 40 ಮೀಟರ್ ಗಟ್ಟಿ ನೆಲ ಮಾಡಿದರೆ 20 ಗುಂಟೆ ಹೋಯಿತು. 6 ಮೀಟರ್ ಅಗಲದ ದಾರಿ ಹೊಲದೊಳಗೆ 400 ಮೀಟರ್ ಓಡಿದರೆ ಇನ್ನೊಂದು 24 ಗುಂಟೆ. ಎಪ್ಪತ್ತು ಮೀಟರ್ ಉದ್ದದ ರೆಕ್ಕೆ ಹೊತ್ತ ಟ್ರೇಲರ್ ತಿರುಗುವ ಕಡೆ ಮೂಲೆಯೂ ಹೋಗುತ್ತದೆ. ದಾರಿಗೆ ಬಾಡಿಗೆ ಇದೆಯೇ, ಕೆಲಸ ಮುಗಿದ ಮೇಲೆ ಅಗಲ ಎಷ್ಟಕ್ಕೆ ಇಳಿಯುತ್ತದೆ, ಕ್ರೇನ್ ನೆಲ ರೈತನಿಗೆ ಮರಳುತ್ತದೆಯೇ ಎಂಬುದನ್ನು ಹೆಚ್ಚಿನ ಕರಾರುಗಳು ಹೇಳುವುದಿಲ್ಲ.

ಎರೆ ಹೊಲದಲ್ಲಿ ದಾರಿಯ ಕಾಟ ಇನ್ನೂ ಜಾಸ್ತಿ. ಮೊರಂ ಸುರಿದು ಅರ್ಧ ಮೀಟರ್ ಎತ್ತರಿಸಿದ ದಾರಿ ಇಳಿಜಾರಿಗೆ ಅಡ್ಡ ಬಂದರೆ ಅದೇ ಒಡ್ಡಾಗುತ್ತದೆ. ಮೇಲಿನ ಹೊಲದಲ್ಲಿ ನೀರು ನಿಂತು ಕಡಲೆ ಕೊಳೆಯುತ್ತದೆ. ನೀರು ಒಂದೇ ಕಡೆ ನುಗ್ಗಿ ಹೊರಬಿದ್ದಲ್ಲಿ ಕೆಳಗಿನವರ ಬದು ಕೊಚ್ಚಿ ಕೊರಕಲು ಬೀಳುತ್ತದೆ. ಆ ಕೆಳಗಿನವರಿಗೆ ಫ್ಯಾನಿನಿಂದ ಒಂದು ಪೈಸೆಯೂ ಬಂದಿರುವುದಿಲ್ಲ, ಊರಿನ ಜಗಳ ಹುಟ್ಟುವುದೇ ಇಲ್ಲಿಂದ. ದಾರಿಯ ಪ್ರತಿ ತಗ್ಗಿನಲ್ಲೂ ನೀರು ದಾಟಲು ಹ್ಯೂಮ್ ಪೈಪ್ (ಕಾಂಕ್ರೀಟ್ ಕೊಳವೆ) ಬೇಕು. ಸಣ್ಣ ಪೈಪ್ ಒಂದೇ ಮಳೆಗಾಲಕ್ಕೆ ಹೂಳು ತುಂಬಿಕೊಳ್ಳುವುದರಿಂದ 600 ಮಿಲಿಮೀಟರಿಗಿಂತ ಕಡಿಮೆಯದನ್ನು ಒಪ್ಪಬೇಡಿ. ವರ್ಷಕ್ಕೊಮ್ಮೆ ಹೂಳು ತೆಗೆಯುವವರು ಯಾರು ಎಂಬುದನ್ನೂ ಬರೆಸಿ. ಅಗೆಯುವಾಗ ಮೇಲಿನ ಒಂದು ಅಡಿ ಮಣ್ಣನ್ನು ಬೇರೆ ಗುಡ್ಡೆ ಹಾಕಿಸಿ, ಕೊನೆಗೆ ಅದನ್ನೇ ಮೇಲೆ ಹರಡಿಸಬೇಕು. ಕ್ರೇನ್ ಓಡಾಡಿ ಬಿಗಿದ ನೆಲವನ್ನು ಹಸಿ ಇದ್ದಾಗ ಉತ್ತರೆ ಹೆಂಟೆ ಇನ್ನಷ್ಟು ಗಟ್ಟಿಯಾಗುತ್ತದೆ. ಒಣಗಿದಾಗ ಆಳಕ್ಕೆ ಸೀಳಿಸಬೇಕು.

ತಂತಿಯ ವಿಷಯದಲ್ಲಿ ಗೊಂದಲ ಬಹಳ. ಕೇಂದ್ರ ವಿದ್ಯುತ್ ಸಚಿವಾಲಯ 2024ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ತಂತಿ ಹೊರುವ ಗೋಪುರದ ಬುಡದ ಜಾಗಕ್ಕೆ ಭೂಮಿ ಬೆಲೆಯ ಶೇ 200, ತಂತಿ ಹಾಯುವ ಪಟ್ಟಿಗೆ ಶೇ 30 ಪರಿಹಾರ ಹೇಳುತ್ತದೆ. ಅದನ್ನು ತೋರಿಸಿ ವಾದಿಸುವವರು ಒಂದು ಮಾತು ಗಮನಿಸಬೇಕು: ಅದು 66 ಕೆವಿ (ಕಿಲೋವೋಲ್ಟ್) ಮತ್ತು ಅದಕ್ಕೂ ಮೇಲಿನ ಪ್ರಸರಣ ಮಾರ್ಗಗಳಿಗೆ. ಫ್ಯಾನಿನಿಂದ ಫ್ಯಾನಿಗೆ, ಅಲ್ಲಿಂದ ಸಬ್‌ಸ್ಟೇಷನ್ನಿಗೆ ಹೋಗುವ ಕಂಬಗಳದ್ದು ಸಾಮಾನ್ಯವಾಗಿ 33 ಕೆವಿ. ಅಲ್ಲಿ ಸಿಗುವುದು ನೀವು ಬರೆಸಿಕೊಂಡಷ್ಟೇ. ಹಾಗಾಗಿ ಕಂಬ ಹೊಲದ ನಡುವೆ ಬರದೆ ಬದುವಿನ ಮೇಲೆ ಬರಲಿ ಎಂದು ಮೊದಲೇ ನಕ್ಷೆಯಲ್ಲಿ ಗುರುತು ಹಾಕಿಸಿ. ಆಮೇಲೆ ಕಂಬ ಸರಿಸುವ ಮಾತೇ ಇಲ್ಲ.

ಇನ್ನು ಕಾಗದ. ಸರ್ವೆ ನಂಬರಿನ ಒಂದು ತುಂಡನ್ನು ಮಾರುವುದಾದರೆ 11-ಇ ನಕ್ಷೆ (ಆ ತುಂಡನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಬೇಕೇ ಬೇಕು. ಲೀಸಿಗೂ ದಾರಿ, ಪಾಯ, ಕಂಬ ಎಲ್ಲ ಅಳತೆ ಸಮೇತ ಇರುವ ನಕ್ಷೆಯನ್ನು ಕರಾರಿಗೆ ಲಗತ್ತಿಸುವುದು ಒಳ್ಳೆಯದು. ಉತಾರದಲ್ಲಿ ಅಣ್ಣತಮ್ಮಂದಿರ ಹೆಸರು ಒಟ್ಟಿಗಿದ್ದು ವಾಟ್ನಿ (ಪಾಲು ವಿಭಾಗ) ಆಗಿಲ್ಲವಾದರೆ ಒಬ್ಬರ ಸಹಿಯಿಂದ ವ್ಯಾಜ್ಯವೇ ಆಗುವುದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾಗಿದ್ದರೆ ಅಂಥ ಜಮೀನಿನ ಪರಭಾರೆಯನ್ನು ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಆ ಕಾಯ್ದೆಯಲ್ಲಿ ‘ಪರಭಾರೆ’ ಎಂದರೆ ಮಾರಾಟವಷ್ಟೇ ಅಲ್ಲ, ಗುತ್ತಿಗೆಯೂ ಸೇರಿದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾಡಿದ ಲೀಸ್ ನಿಲ್ಲುವುದಿಲ್ಲ. ಒಂದು ವರ್ಷಕ್ಕೂ ಮೀರಿದ ಲೀಸ್ ನೋಂದಣಿ ಆಗಲೇಬೇಕು, ನೂರು ರೂಪಾಯಿ ಛಾಪಾ ಕಾಗದದ ಮೇಲಿನ ಸಹಿ ಸಾಲದು. ಏಜೆಂಟ್ ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಕೇಳಿದರೆ ಕೊಡಬೇಡಿ ಎನ್ನುವುದು ನನ್ನ ಸ್ಪಷ್ಟ ಸಲಹೆ.

ಕಂಪನಿ ಬ್ಯಾಂಕಿನಿಂದ ಸಾಲ ಎತ್ತುವಾಗ ಲೀಸಿನ ಹಕ್ಕನ್ನು ಅಡವಿಡುವುದು ರೂಢಿ. ಅಡವು ಲೀಸ್ ಹಕ್ಕಿಗೆ ಸೀಮಿತ, ಮಾಲೀಕತ್ವಕ್ಕಲ್ಲ ಎಂಬ ಸಾಲು ಇರಲಿ, ಪ್ರತಿ ವರ್ಷ ಇಸಿ (ಜಮೀನಿನ ಮೇಲಿನ ಋಣಭಾರದ ಪ್ರಮಾಣಪತ್ರ) ತೆಗೆಸಿ ನೋಡಿ. ಬಾಡಿಗೆ ಏರಿಕೆಗೆ ಪಾವಗಡ ಸೌರ ಪಾರ್ಕಿನ ಲೀಸ್ ಒಂದು ಅಳತೆಗೋಲು: ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಅದೂ ನನ್ನ ದೃಷ್ಟಿಯಲ್ಲಿ ಕಡಿಮೆಯೇ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ, ಏರಿಕೆಯೇ ಇಲ್ಲದ ಬಾಡಿಗೆಯ ಬೆಲೆ 30ನೇ ವರ್ಷಕ್ಕೆ ಆರರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ.

ಸದ್ದು, ತಿರುಗುವ ರೆಕ್ಕೆಯ ನೆರಳಿನ ದೂರುಗಳು ನಿಜ. ಗಾಳಿ ಜೋರಿರುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾತ್ರಿ ಹೊತ್ತು ರೆಕ್ಕೆಯ ‘ಹೂಂ’ ಸದ್ದು ಎದ್ದು ಕೇಳುತ್ತದೆ. ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬಲ್. ಕೇಂದ್ರದ 2016ರ ಮಾರ್ಗಸೂಚಿಯೇ ಸದ್ದಿನ ಕಾರಣಕ್ಕೆ ವಸತಿಯಿಂದ 500 ಮೀಟರ್ ಅಂತರ ಹೇಳಿದೆ. ರಸ್ತೆಯಿಂದ ಇರಬೇಕಾದ ದೂರಕ್ಕೂ ಅದರಲ್ಲಿ ಸೂತ್ರವಿದೆ: ಗೋಪುರದ ಎತ್ತರ, ರೆಕ್ಕೆಚಕ್ರದ ಅರ್ಧ ವ್ಯಾಸ, ಮೇಲೆ 5 ಮೀಟರ್. 140 ಮೀಟರ್ ಗೋಪುರ, 144 ಮೀಟರ್ ಚಕ್ರವಾದರೆ 217 ಮೀಟರ್ ಆಯಿತು. ಟೇಪು ಹಿಡಿದು ಯಾರು ಬೇಕಾದರೂ ನೋಡಬಹುದು. ಆದರೆ ‘ಫ್ಯಾನು ಮಳೆಮೋಡ ಓಡಿಸುತ್ತದೆ’ ಎಂಬ ಮಾತಿಗೆ ಆಧಾರವಿಲ್ಲ. ಆ ವಾದ ಹಿಡಿದು ಕಚೇರಿಗೆ ಹೋದರೆ ನೀರು ನಿಲ್ಲುವ ನಿಜವಾದ ದೂರೂ ಅದರ ಜತೆ ಕಸದ ಬುಟ್ಟಿ ಸೇರುತ್ತದೆ.

ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ. ಯಂತ್ರದ ಆಯುಷ್ಯ 20ರಿಂದ 25 ವರ್ಷ. ಆಮೇಲೆ ಕಬ್ಬಿಣಕ್ಕೆ ಗಿರಾಕಿ ಸಿಗುತ್ತಾರೆ, ಫೈಬರ್ ರೆಕ್ಕೆಗೆ ಸಿಗುವುದು ಕಷ್ಟ. ಪಾಯ 400 ಘನ ಮೀಟರ್ ಎಂದರೂ ಸಾವಿರ ಟನ್ ಹತ್ತಿರದ ಕಾಂಕ್ರೀಟ್ ನೆಲದಲ್ಲಿ ಉಳಿಯುತ್ತದೆ. ಕನಿಷ್ಠ ನೇಗಿಲು ಹೋಗುವಷ್ಟು, ಅಂದರೆ ನೆಲದಿಂದ ಒಂದು ಮೀಟರ್ ಆಳದವರೆಗೆ ಅದನ್ನು ಒಡೆದು ತೆಗೆಯುವ ಷರತ್ತು ಬೇಕು. ಅಷ್ಟರಲ್ಲಿ ಕಂಪನಿ ಎರಡು ಮೂರು ಕೈ ಬದಲಾಗಿರುತ್ತದೆ, ಆದ್ದರಿಂದ ಬರೀ ಷರತ್ತು ಸಾಲದು. ಆ ತೆರವಿನ ಖರ್ಚಿಗೆ ಹತ್ತನೇ ವರ್ಷದಿಂದಲೇ ಕಂಪನಿ ಮತ್ತು ರೈತನ ಜಂಟಿ ಖಾತೆಯಲ್ಲಿ ಕಂಪನಿಯ ಠೇವಣಿ ಕೂಡುತ್ತಾ ಹೋಗಬೇಕು, ಹೊಸ ಮಾಲೀಕನಿಗೂ ಅದು ಬದ್ಧ ಎಂದಿರಬೇಕು. ನವೀಕರಿಸಬಹುದಾದ ಇಂಧನದ ಹೊಣೆ ಹೊತ್ತ ರಾಜ್ಯದ ಸಂಸ್ಥೆ ಇಷ್ಟನ್ನೆಲ್ಲ ಸೇರಿಸಿ ಕನ್ನಡದಲ್ಲಿ ಒಂದು ಮಾದರಿ ಕರಾರು ಪ್ರಕಟಿಸಲಿ. ಯೋಜನೆಯ ಪೂರ್ತಿ ನಕ್ಷೆ, ಸರ್ವೆ ನಂಬರ್ ಸಮೇತ, ಮೊದಲ ಸಹಿ ಬೀಳುವ ಮುಂಚೆ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಅಂಟಿರಲಿ.

ಒಬ್ಬ ನಿವೃತ್ತ ಭೂಮಾಪಕ, ಗದಗ ಜಿಲ್ಲೆ