ಸಾರಾ ಕೋಹೆನ್ ನೆನಪಿಗೆ ತಿಥಿ ಯಾವುದು?

ಮಾನ್ಯ ಸಂಪಾದಕರೇ,

ಕೊಚ್ಚಿಯ ಮಟ್ಟಾಂಚೇರಿಯ ಸಾರಾ ಕೋಹೆನ್ ತೀರಿಕೊಂಡದ್ದು 2019ರ ಆಗಸ್ಟ್ 30ರ ಶುಕ್ರವಾರ, 96ನೇ ವಯಸ್ಸಿನಲ್ಲಿ. ಕೊಚ್ಚಿಯ ‘ಪರದೇಶಿ’ ಯಹೂದಿಗಳಲ್ಲಿ, ಅಂದರೆ ಹೊರದೇಶದಿಂದ ಬಂದು ನೆಲೆಸಿದವರ ಸಮುದಾಯದಲ್ಲಿ, ಎಲ್ಲರಿಗಿಂತ ಹಿರಿಯರು. ಸ್ವಂತ ಮಕ್ಕಳಿಲ್ಲದಿದ್ದರೂ ಜ್ಯೂ ಟೌನಿನ ಇಡೀ ಬೀದಿಗೆ ‘ಸಾರಾ ಆಂಟಿ’ಯಾಗಿ ಬಾಳಿದವರು. ಅವರ ಬಗ್ಗೆ ಬರೆಯುವವರು ‘ಕೊನೆಯ ಯಹೂದಿ’ ಎಂದು ಸುರುಮಾಡಿ ಅಲ್ಲಿಗೇ ಮುಗಿಸಿಬಿಡುತ್ತಾರೆ. ಅದು ನಿಜವೂ ಅಲ್ಲ. ಅವರ ನಂತರವೂ ಮಟ್ಟಾಂಚೇರಿ, ಎರ್ನಾಕುಳಂಗಳಲ್ಲಿ ಯಹೂದಿಗಳಿದ್ದರು. ಒಬ್ಬ ಹಿರಿಯ ಹೆಂಗಸಿನ ಸುದೀರ್ಘ ಬಾಳನ್ನು ನೆನೆಯುವುದಾದರೆ ಅವರು ಪಾಲಿಸಿದ ದಿನದ ಲೆಕ್ಕದಲ್ಲಿ, ಅವರ ಕೈಗೆಲಸದ ಮೂಲಕ ನೆನೆಯಬೇಕು ಎಂಬುದು ನಮ್ಮ ಬಲವಾದ ಅಭಿಪ್ರಾಯ.

ಮೊದಲು ದಿನದ ವಿಷಯ. ಯಹೂದಿಗಳು ವರ್ಷದ ನೆನಪಿನ ದಿನವನ್ನು ಇಂಗ್ಲಿಷ್ ತಾರೀಕಿಗೆ ಮಾಡುವುದಿಲ್ಲ, ಅವರ ಚಾಂದ್ರಮಾನ ತಿಂಗಳ ದಿನಕ್ಕೆ ಮಾಡುತ್ತಾರೆ. ತಿಥಿ ಹಿಡಿದು ಶ್ರಾದ್ಧ ಮಾಡುವ ಕಾಸರಗೋಡಿನ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಧಿಕ ಮಾಸವೂ ಅವರಲ್ಲಿದೆ, 19 ವರ್ಷಕ್ಕೆ 7 ಸಲ. ಆದರೆ ಅವರ ದಿನ ಹುಟ್ಟುವುದು ಸೂರ್ಯೋದಯಕ್ಕಲ್ಲ, ಹಿಂದಿನ ಸಂಜೆಯ ಸೂರ್ಯಾಸ್ತಕ್ಕೆ. ಎಡವಟ್ಟಾಗುವುದು ಇಲ್ಲೇ. 2019ರ ಆ ಶುಕ್ರವಾರದ ಹಗಲು ಆವ್ ತಿಂಗಳ 29. ಅದೇ ದಿನ ಸೂರ್ಯ ಮುಳುಗಿದ ಮೇಲೆ ಆವ್ 30. ಆದ್ದರಿಂದ ಯಾರದೇ ಆಗಲಿ, ಮರಣವಾರ್ತೆ ಬರೆದುಕೊಳ್ಳುವಾಗ ತಾರೀಕು ಮಾತ್ರ ಸಾಲದು, ಸೂರ್ಯಾಸ್ತಕ್ಕೆ ಮೊದಲೋ ನಂತರವೋ ಎಂದೂ ಕೇಳಿ ಬರೆದಿಡಬೇಕು. ಮುಂದೆ ಮನೆಯವರಿಗೆ ದಿನ ಹುಡುಕಿಕೊಡಲು ಅದೊಂದೇ ಆಧಾರ. ಆವ್ 29 ಎಂದು ಹಿಡಿದರೆ 2021ರಲ್ಲಿ ಆ ದಿನ ಆಗಸ್ಟ್ 7ಕ್ಕೆ ಬಂತು, 2024ರಲ್ಲಿ ಸೆಪ್ಟೆಂಬರ್ 2ಕ್ಕೆ ಹೋಯಿತು. ಆಗಸ್ಟ್ 30ಕ್ಕೇ ಕಟ್ಟುಬಿದ್ದು ಬರೆದ ಶ್ರದ್ಧಾಂಜಲಿ ಎರಡೂ ವರ್ಷ ದಿನ ತಪ್ಪಿದಂತೆಯೇ.

ಆ ದಿನ ಮನೆಯಲ್ಲಿ ಒಂದು ದೀಪ ಹಚ್ಚುತ್ತಾರೆ. ಹಿಂದಿನ ಸಂಜೆಯಿಂದ ಮರುದಿನ ಸೂರ್ಯಾಸ್ತದವರೆಗೆ, ಸುಮಾರು 24 ಗಂಟೆ, ಅದು ಆರದೆ ಉರಿಯಬೇಕು. ಮೇಣದ ದೀಪ ಪೇಟೆಯಲ್ಲಿ ಸಿಗುತ್ತದೆ. ಎಣ್ಣೆಯದ್ದೂ ಆಗುತ್ತದೆ, ನಮ್ಮ ಕರಾವಳಿಗೆ ತೆಂಗಿನೆಣ್ಣೆಯೇ ಸಲೀಸು. ನಮ್ಮ ದೇವರ ದೀಪಕ್ಕೆ ಹೊಸೆಯುವಂತೆ ಬತ್ತಿಯನ್ನು ದಪ್ಪ ಹೊಸೆದರೆ ಎಣ್ಣೆಯನ್ನೆಲ್ಲ ಹೀರಿ, ಮಸಿ ಕಟ್ಟಿ ನಡುರಾತ್ರಿಗೇ ಆರುತ್ತದೆ. ತೆಳು ಬತ್ತಿ ಬೇಕು, ತುದಿ ಎಣ್ಣೆಯಿಂದ ಸ್ವಲ್ಪವೇ ಮೇಲಿರಬೇಕು. ಎಷ್ಟು ಎಣ್ಣೆ ಎಂಬ ಲೆಕ್ಕಕ್ಕೆ ಅದೇ ಬತ್ತಿಯನ್ನು ಮೊದಲೇ ಒಂದು ಗಂಟೆ ಉರಿಸಿ, ಇಳಿದ ಎಣ್ಣೆಯನ್ನು ಅಳೆದು, 24ರಿಂದ ಗುಣಿಸಿ, ಕಾಲುಪಾಲು ಹೆಚ್ಚು ಹಾಕಬೇಕು. ದಿನ ಶನಿವಾರವಾದರೆ ಇನ್ನೂ ಜಾಗ್ರತೆ. 2021ರ ಆಗಸ್ಟ್ 7, 2025ರ ಆಗಸ್ಟ್ 23 ಎರಡೂ ಶನಿವಾರಗಳೇ. ಸಬ್ಬತ್ತಿನಲ್ಲಿ, ಅಂದರೆ ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗಿನ ವಿರಾಮದ ದಿನದಲ್ಲಿ, ಬೆಂಕಿ ಹಚ್ಚುವಂತಿಲ್ಲ, ಆರಿಸುವಂತಿಲ್ಲ, ಉರಿಯುವ ದೀಪಕ್ಕೆ ಎಣ್ಣೆ ಹೊಯ್ಯುವಂತೆಯೂ ಇಲ್ಲ. ಹಾಗಾಗಿ ಶುಕ್ರವಾರ ಸಂಜೆ ಸಬ್ಬತ್ತಿನ ದೀಪಗಳಿಗಿಂತ ಮೊದಲು ಇದನ್ನು ಹಚ್ಚಬೇಕು, ಎಣ್ಣೆಯನ್ನೂ ಒಂದೇ ಸಲಕ್ಕೆ ತುಂಬಿಡಬೇಕು.

ಆ ದಿನ ಹೇಳುವ ಕದ್ದೀಶ್ ಎಂಬ ಪ್ರಾರ್ಥನೆಯ ಬಗ್ಗೆಯೂ ತಪ್ಪು ಬರೆಯುತ್ತಾರೆ. ಅದರಲ್ಲಿ ಸಾವಿನ ಮಾತೇ ಇಲ್ಲ, ಇರುವುದೆಲ್ಲ ದೇವರ ಸ್ತುತಿ. ಸಂಪ್ರದಾಯದಂತೆ 13 ವರ್ಷ ದಾಟಿದ ಹತ್ತು ಗಂಡಸರು ಕೂಡಿದರೆ ಮಾತ್ರ ಅದನ್ನು ಹೇಳಬಹುದು. ಮಟ್ಟಾಂಚೇರಿಯ ಕಷ್ಟವೆಲ್ಲ ಈ ಹತ್ತರಲ್ಲಿದೆ: 1568ರ ಸಿನಗಾಗ್ (ಯಹೂದಿಗಳ ಪ್ರಾರ್ಥನಾಲಯ) ಗಟ್ಟಿಯಾಗಿ ನಿಂತಿದ್ದರೂ, ಹೊರಗಿನಿಂದ ಯಹೂದಿ ಯಾತ್ರಿಕರು ಬಂದು ಸೇರಿದ ದಿನವಷ್ಟೇ ಲೆಕ್ಕ ಕೂಡುವ ಸ್ಥಿತಿ.

ಇನ್ನು ಕೈಗೆಲಸ. ಸಾರಾ ಆಂಟಿಯ ಅಂಗಡಿ ಕಸೂತಿಯದು. ಗಂಡಸರ ತಲೆಯ ಕಿಪ್ಪಾ ಟೋಪಿ, ಸಬ್ಬತ್ತಿನ ರೊಟ್ಟಿ ಮುಚ್ಚುವ ಬಟ್ಟೆ ಇವು ಅಲ್ಲಿನ ಮುಖ್ಯ ಸಾಮಾನು. ಶುಕ್ರವಾರ ರಾತ್ರಿ ಮೇಜಿನ ಮೇಲೆ ಎರಡು ರೊಟ್ಟಿ ಇಟ್ಟು, ದ್ರಾಕ್ಷಾರಸದ ಮಂತ್ರ ಮುಗಿಯುವ ತನಕ ಅವನ್ನು ಈ ಬಟ್ಟೆಯಿಂದ ಮುಚ್ಚಿರುತ್ತಾರೆ. ಎರಡೂ ರೊಟ್ಟಿ ಪೂರ್ತಿ ಮುಚ್ಚುವುದಕ್ಕೆ ಸುಮಾರು 40ಕ್ಕೆ 50 ಸೆಂಟಿಮೀಟರ್ ಅಗಲದ ಬಟ್ಟೆ ಬೇಕು. ಕಷ್ಟದ ಕೆಲಸ ಹೂಬಳ್ಳಿಯಲ್ಲ, ಅಕ್ಷರ. ಹೀಬ್ರೂ ಬಲದಿಂದ ಎಡಕ್ಕೆ ಹೋಗುತ್ತದೆ. ಬಟ್ಟೆಯ ಹಿಂಬದಿಯಲ್ಲಿ ನಕಾಶೆ ಒತ್ತಿದರೆ ಇಡೀ ಸಾಲು ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ. ಅದಕ್ಕಿಂತ ಸೂಕ್ಷ್ಮವಾದ ತಪ್ಪು ಇನ್ನೊಂದಿದೆ. ದಾಲೆತ್ ಅಕ್ಷರದ ಬಲ ಮೇಲ್ಮೂಲೆ ಚೂಪು, ರೇಶ್ ಅಕ್ಷರದ್ದು ದುಂಡಗೆ. ಸರಪಳಿ ಹೊಲಿಗೆಯಲ್ಲಿ ದಾರ ಎಳೆದು ಮೂಲೆ ತಿರುಗಿಸಿದರೆ ದಾಲೆತ್ ರೇಶ್ ಆಗಿಬಿಡುತ್ತದೆ. ‘ಒಬ್ಬನೇ’ ಎಂಬರ್ಥದ ಎಖಾದ್ ಪದ ಈ ಒಂದು ಮೂಲೆಯಿಂದ ‘ಬೇರೊಬ್ಬ’ ಎಂದಾಗುತ್ತದೆ. ದೇವರು ಒಬ್ಬನೇ ಎಂದು ಹೊಲಿಯಹೊರಟ ಬಟ್ಟೆಯಲ್ಲಿ ಇದು ಸಣ್ಣ ತಪ್ಪಲ್ಲ. ಮೂಲೆಗೆ ಬಂದಾಗ ಸರಪಳಿಯನ್ನು ಸಣ್ಣ ಹೊಲಿಗೆಯಿಂದ ಕಟ್ಟಿ ನಿಲ್ಲಿಸಿ, ಹೊಸ ಸರಪಳಿ ಆರಂಭಿಸಿದರೆ ಕೋನ ಉಳಿಯುತ್ತದೆ.

ಕಿಪ್ಪಾ ಆರು ತ್ರಿಕೋನ ತುಂಡುಗಳದ್ದಾದರೆ ಹೊಲಿಗೆಗೆ ಬಿಟ್ಟ ಅಂಚು ಎಲ್ಲ ಕಡೆ ಒಂದೇ ಇರಬೇಕು. ಪ್ರತಿ ಬದಿಗೆ 2 ಮಿಲಿಮೀಟರ್ ಹೆಚ್ಚು ಹಿಡಿದರೂ ಆರು ತುಂಡಿನ ಹನ್ನೆರಡು ಬದಿ ಸೇರಿ ಸುತ್ತಳತೆಯಲ್ಲಿ 24 ಮಿಲಿಮೀಟರ್ ಹೋಯಿತು. ಟೋಪಿ ತಲೆಯ ಮೇಲೆ ಕೂರದೆ ಜಾರುತ್ತದೆ. ಆಂಟಿಯ ಕೊನೆಯ ವರ್ಷಗಳಲ್ಲಿ ಆ ಅಂಗಡಿಯನ್ನೂ ಅವರನ್ನೂ ನೋಡಿಕೊಂಡದ್ದು ಒಂದು ಮುಸ್ಲಿಂ ಕುಟುಂಬ. ಆಂಟಿಯನ್ನು ನೆನೆಯುವ ಬರಹದಲ್ಲಿ ಈ ಸಂಗತಿ ಮೊದಲ ಪ್ಯಾರಾದಲ್ಲೇ ಬರಬೇಕಾದದ್ದು.

ದುಃಖದ ಮನೆಗೆ ಊಟ ಒಯ್ಯುವ ರೂಢಿ ಯಹೂದಿಗಳಲ್ಲೂ ಇದೆ. ಮಣ್ಣು ಮಾಡಿ ಬಂದ ಮೇಲಿನ ಮೊದಲ ಊಟ ನೆರೆಯವರದ್ದೇ ಆಗಬೇಕು, ಬೇಯಿಸಿದ ಮೊಟ್ಟೆ, ತೊಗರಿಯಂಥ ಬೇಳೆ. ಆಮೇಲೆ ಏಳು ದಿನ ಮನೆಯವರು ಹೊರಗೆ ಹೋಗದೆ ತಗ್ಗು ಪೀಠದಲ್ಲಿ ಕೂರುತ್ತಾರೆ. ಕಟ್ಟುನಿಟ್ಟಿನ ಮನೆಗೆ ನಮ್ಮ ಪಾತ್ರೆಯಲ್ಲಿ ಬೇಯಿಸಿದ್ದು ಆಗುವುದಿಲ್ಲ. ಇಡೀ ಹಣ್ಣು, ಬಾಳೆಗೊನೆ, ಬೊಂಡ ಒಯ್ದರೆ ಯಾರಿಗೂ ಸಂಕೋಚವಿಲ್ಲ. ಮೀನಿನಲ್ಲಿ ರೆಕ್ಕೆ ಮತ್ತು ಪರೆ ಎರಡೂ ಇದ್ದದ್ದು ಮಾತ್ರ ಅವರಿಗೆ ಸಲ್ಲುತ್ತದೆ: ಬಂಗುಡೆ, ಬೂತಾಯಿ ಆಗಬಹುದು, ಸಿಗಡಿ, ಏಡಿ, ಮರುವಾಯಿ, ತೊರಕೆ ಕೂಡದು. ಮಾಂಸಕ್ಕೆ ಹಾಲು ಮೊಸರು ಸೇರಿಸುವಂತಿಲ್ಲವಾದ್ದರಿಂದ ಕೊಚ್ಚಿಯ ಯಹೂದಿ ಅಡುಗೆಯಲ್ಲಿ ತೆಂಗಿನಹಾಲು ಆ ಜಾಗ ತುಂಬಿತು. ಈ ಅಡುಗೆ ಮನೆಯ ಹಿರಿಯ ಹೆಂಗಸರ ಕೈಯಿಂದಲೇ ಇಳಿದುಬಂದದ್ದು, ಮಲಯಾಳದಲ್ಲಿ ಬರೆದ ಅವರ ಹಾಡಿನ ಪುಸ್ತಕಗಳ ಹಾಗೆಯೇ.

ಸಮಾಧಿಗೆ ಹೋಗುವವರು ಹೂಮಾಲೆ ಒಯ್ಯುವುದು ಬೇಡ, ಒಂದು ಸಣ್ಣ ಕಲ್ಲು ಇಟ್ಟರೆ ಸಾಕು. ಹೊರಗೆ ಬಂದು ಕೈ ತೊಳೆಯಬೇಕು. ಸಿನಗಾಗ್ ಶನಿವಾರ ಪ್ರವಾಸಿಗರಿಗೆ ಇಲ್ಲ, ಒಳಗೆ ಬರಿಗಾಲು. ಸಮಯವಿದ್ದರೆ ಎರ್ನಾಕುಳಂ ಜಿಲ್ಲೆಯ ಚೇಂದಮಂಗಲಕ್ಕೂ ಹೋಗಿ ಬರಬೇಕು. ಅಲ್ಲಿನ ಸಿನಗಾಗಿನ ಎದುರು 1269ರ ಹೀಬ್ರೂ ಸಮಾಧಿಕಲ್ಲಿದೆ, ಇಸ್ರಾಯೇಲನ ಮಗಳು ಸಾರಾ ಎಂಬವಳದು. ಭಾರತದಲ್ಲಿ ಸಿಕ್ಕಿರುವ ಇಂಥ ಕಲ್ಲುಗಳಲ್ಲಿ ಅದೇ ಅತಿ ಹಳೆಯದು. ನಮ್ಮ ಕರಾವಳಿಗೂ ಈ ನಂಟು ದೂರದ್ದಲ್ಲ: 1132ರಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು, ಆಶು ಎಂಬ ಊರ ಹೆಣ್ಣನ್ನು ದಾಸ್ಯದಿಂದ ಬಿಡಿಸಿ ಬರೆದ ಪತ್ರ ಇಂದಿಗೂ ಉಳಿದಿದೆ.

ಆವ್ 29, 2026ರಲ್ಲಿ ಆಗಸ್ಟ್ 12ಕ್ಕೆ ಬರುತ್ತದೆ, 2027ರಲ್ಲಿ ಸೆಪ್ಟೆಂಬರ್ 1ಕ್ಕೆ. ಸಾರಾ ಕೋಹೆನ್ ಬಗ್ಗೆ ಲೇಖನ ಹಾಕುವುದಿದ್ದರೆ ಅದರ ಹಿಂದಿನ ದಿನದ ಸಂಚಿಕೆಯಲ್ಲಿ ಹಾಕಿ; ದೀಪ ಹಚ್ಚುವುದು ಆ ಸಂಜೆಯೇ.

— ಇತಿಹಾಸ ಅಧ್ಯಾಪಕರು, ಬದಿಯಡ್ಕ, ಕಾಸರಗೋಡು