ಹೆಸರು ಹೊಂದಿಕೆಯಾದರೆ ಸಾಲದು, ದಾಖಲೆ ಬೇಕು

ಎಲ್ಲರಿಗೂ ನಮಸ್ಕಾರ. ಈ ವಾರ ಗುಂಪಿಗೆ ತುಂಬಾ ವಂಶವೃಕ್ಷಗಳು ಬಂದಿವೆ, ಖುಷಿಯಾಯಿತು. ಒಂದು ಕೋರಿಕೆ. ಅಮೆರಿಕದ ವಸಾಹತು ಕಾಲದ ಯಾರನ್ನಾದರೂ ಇಂಥವರ ಮಗ ಅಥವಾ ಮಗಳು ಅಂತ ವಂಶವೃಕ್ಷಕ್ಕೆ ಸೇರಿಸುವಾಗ ಅದು ಯಾವ ದಾಖಲೆಯಲ್ಲಿದೆ ಅಂತ ಜೊತೆಗೇ ಬರೆಯಿರಿ. ದಾಖಲೆ ಇಲ್ಲದಿದ್ದರೆ ‘ಊಹೆ’ ಅಂತ ಹಾಕಿ. ಅದರಲ್ಲಿ ತಪ್ಪೇನೂ ಇಲ್ಲ.

ಎಲಿಜಬೆತ್ ಟಿಲ್ಲಿಯ ವಿಷಯವನ್ನೇ ನೋಡಿ. 1620ರಲ್ಲಿ ಇಂಗ್ಲಿಷ್ ವಲಸಿಗರನ್ನು ಅಮೆರಿಕದ ಪ್ಲಿಮತ್‌ಗೆ ಕರೆತಂದ ಮೇಫ್ಲವರ್ ಹಡಗಿನಲ್ಲಿ ಅಪ್ಪ ಅಮ್ಮನ ಜೊತೆ ಬಂದ ಹುಡುಗಿ. ಮೊದಲ ಚಳಿಗಾಲದ ಹೊತ್ತಿಗೇ ಇಬ್ಬರೂ ತೀರಿಕೊಂಡರು. ಮುಂದೆ ಜಾನ್ ಹೌಲ್ಯಾಂಡ್‌ನನ್ನು ಮದುವೆಯಾದಳು. ಆದರೆ ಆಕೆ ಪ್ಲಿಮತ್ ವಸಾಹತಿನ ಗವರ್ನರ್ ಜಾನ್ ಕಾರ್ವರ್ ಮಗಳು ಅಂತಲೇ ವಂಶದವರು ಬಹಳ ಕಾಲ ನಂಬಿದ್ದರು. 1855ರಲ್ಲಿ ಲಂಡನ್ನಿನಲ್ಲಿ ಅದೇ ವಸಾಹತಿನ ಇನ್ನೊಬ್ಬ ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್ ಬರೆದ ವಸಾಹತಿನ ಇತಿಹಾಸದ ಕೈಬರಹದ ಪ್ರತಿ ಸಿಕ್ಕಿತು. ಅದರಲ್ಲಿದ್ದ ಪ್ರಯಾಣಿಕರ ಪಟ್ಟಿಯಿಂದ ನಿಜ ಗೊತ್ತಾಯಿತು. ಅನಾಥ ಹುಡುಗಿಗೆ ಅವಳ ಅಪ್ಪ ಅಮ್ಮ ವಾಪಸ್ ಸಿಗಲು ಇನ್ನೂರು ವರ್ಷಕ್ಕೂ ಜಾಸ್ತಿ ಹಿಡಿಯಿತು ಅಲ್ವಾ? ನೆನೆದಾಗಲೆಲ್ಲ ಮನಸ್ಸು ಕಲಕುತ್ತದೆ.

ವಸಾಹತು ಕಾಲದಲ್ಲಿ ‘ಜೂನಿಯರ್’ ಅಂದರೆ ಮಗನೇ ಆಗಬೇಕಿರಲಿಲ್ಲ. ಅದೇ ಊರಿನ, ಅದೇ ಹೆಸರಿನ ಚಿಕ್ಕವನೂ ಇರಬಹುದು. ತಾರೀಕಿನಲ್ಲೂ ಎಚ್ಚರ. 1752ರಲ್ಲಿ ಬದಲಾಗುವವರೆಗೆ ಬ್ರಿಟಿಷ್ ವಸಾಹತುಗಳಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಹಾಗಾಗಿ ಜನವರಿಯಿಂದ ಮಾರ್ಚ್ 24ರವರೆಗಿನ ತಾರೀಕಿಗೆ ಹಳೆಯ, ಹೊಸ ಎರಡೂ ಲೆಕ್ಕದ ವರ್ಷ ಬರೆಯುವುದುಂಟು. 1731/32 ಅಂತ ಇದ್ದರೆ ಹಾಗೇ ಬಿಡಿ, ಸುಮ್ನೆ ಒಂದನ್ನು ಅಳಿಸಬೇಡಿ.

ಗುಸ್ತಾವ್ ಆಂಜೂ ತಯಾರಿಸಿದ ವಂಶಾವಳಿಗಳನ್ನು ಮಾತ್ರ ಆಧಾರ ಅಂತ ಹಾಕಲೇಬೇಡಿ. ದುಡ್ಡಿಗಾಗಿ ಸುಳ್ಳು ಪೂರ್ವಿಕರನ್ನು ಸೇರಿಸಿಕೊಟ್ಟವನು ಅವನು. ಹಳೆಯ ಪೋಸ್ಟ್‌ಗಳಲ್ಲಿ ಆ ಹೆಸರು ಕಂಡರೆ ನನಗೆ ತಿಳಿಸಿ, ಒಟ್ಟಿಗೆ ಕೂತು ಸರಿಮಾಡೋಣ.